ಕೊಳ್ಳೇಗಾಲದಿಂದ ಕಡಲಿಗೆ ಅರ್ಧ ದಿನ

ಬೆಳಿಗ್ಗೆ ಆರೂವರೆಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಿಬಿಡುವ ಪ್ರವಾಸದಲ್ಲಿ ಅಂಥಾದ್ದೇನು ನಡೆದೀತು ಅಂತ ಕೇಳುವವರಿದ್ದಾರೆ. ನನ್ನ ಗಾಡಿ ಒಂದು ಸಲ ಹತ್ತಿದವರು ಹಾಗೆ ಕೇಳುವುದಿಲ್ಲ. ಏಳು ಸೀಟಿನ ವ್ಯಾನು. ಓಡಿಸಲು ನಾನು, ಪಕ್ಕದ ಸೀಟಿನಲ್ಲಿ ನಮ್ಮ ಮಿಸ್ಸು, ಹಿಂದೆ ಐದು ಜನ. ಒಬ್ಬೊಬ್ಬರೂ ಒಂದೊಂದು ಆಸೆ ಇಟ್ಟುಕೊಂಡು ಹತ್ತುತ್ತಾರೆ. ನಾನು ತೋರಿಸುವುದು ಎರಡೇ ಊರು, ಯಳಂದೂರು ಮತ್ತು ತಲಕಾಡು. ಐದು ಜನರ ಆಸೆ ಎರಡು ಊರಿನಲ್ಲಿ ತೀರುವುದಿಲ್ಲವಲ್ಲ, ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ.

ಮಿಸ್ಸು ಅಂದರೆ ಕೊಳ್ಳೇಗಾಲದ ಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು. ರಿಟೈರಾದ ಮೇಲೆ ಮನೆಯಲ್ಲಿ ಕೂರಲಾಗದೆ, "ಗಾಡಿ ನೀನು ಓಡಿಸು, ಚರಿತ್ರೆ ನಾನು ಹೇಳ್ತೀನಿ" ಅಂತ ಬಂದರು. ನನಗೆ ಐವತ್ತು ದಾಟಿದೆ. ಈಗಲೂ ಅವರೆದುರು ಬಾಯಿಗೆ ಅಡಿಕೆ ಹಾಕಿಕೊಳ್ಳುವ ಧೈರ್ಯವಿಲ್ಲ.

ಫ್ಲೆಕ್ಸು

ಟೂರ್ ಶುರು ಮಾಡುವ ಮೊದಲು ಒಂದು ಬೋರ್ಡಿರಲಿ ಅಂತ ಫ್ಲೆಕ್ಸ್ ಅಂಗಡಿಗೆ ಹೋದೆ. 'ಐತಿಹಾಸಿಕ ಊರುಗಳ ಅರ್ಧ ದಿನದ ಪ್ರವಾಸ' ಅಂತ ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಸಂಜೆ ತರಲು ಹೋದರೆ ಫ್ಲೆಕ್ಸಿನ ತುಂಬ ನೀಲಿ ಸಮುದ್ರ. ಬಾಗಿದ ಎರಡು ತೆಂಗಿನಮರ. ಮೇಲೆ ದಪ್ಪ ಅಕ್ಷರದಲ್ಲಿ 'ಐತಿಹಾಸಿಕ ಹಾಗೂ ಕಡಲತೀರದ ಊರುಗಳ ಅರ್ಧ ದಿನದ ಪ್ರವಾಸ.'

"ಇದೇನಪ್ಪ ಇದು? ನಮ್ಮ ಕಡೆ ಸಮುದ್ರ ಎಲ್ಲದೆ?" ಅಂದೆ.

"ಬೇರೆಯವರ ಡಿಸೈನು ಕಣಣ್ಣ, ಚೆನ್ನಾಗಿತ್ತು, ಅದನ್ನೇ ಹಾಕ್ದೆ. ಸಮುದ್ರ ಇದ್ರೆ ಒಂದು ಲುಕ್ ಬತ್ತದೆ."

"ಲುಕ್ ಬತ್ತದೆ, ಜನ ಬಂದು ಸಮುದ್ರ ಕೇಳಿದ್ರೆ?"

"ಯಾರಣ್ಣ ಕೇಳ್ತಾರೆ? ಕೊಳ್ಳೇಗಾಲದಲ್ಲಿ ಸಮುದ್ರ ಇಲ್ಲ ಅನ್ನೋದು ಎಲ್ರಿಗೂ ಗೊತ್ತು."

ಅವನ ಮಾತೂ ಸರಿ ಅನ್ನಿಸಿತು. ನಮ್ಮಿಂದ ಸಮುದ್ರದ ಕಡೆಗೆ ಹೊರಟರೆ ಕಾಡು ದಾಟಬೇಕು, ಘಾಟಿ ಇಳಿಯಬೇಕು. ಅರ್ಧ ದಿನದಲ್ಲಿ ಹೋಗಿ ಬರುವ ಮಾತೇ ಇಲ್ಲ. ಫ್ಲೆಕ್ಸ್ ತಂದು ಸ್ಟ್ಯಾಂಡಿನ ಹತ್ತಿರ ಕಟ್ಟಿದೆ. ಮಿಸ್ಸು ನೋಡಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆ ನೀಲಿಯನ್ನೇ ತುಂಬ ಹೊತ್ತು ನೋಡಿ, "ಕಾಗುಣಿತ ಸರಿಯಾಗಿದೆ" ಅಂದರು.

ಮಾರನೇ ದಿನವೇ ಹನೂರಿನಿಂದ ಒಬ್ಬರು ಫೋನ್ ಮಾಡಿದರು. "ಸಾ, ನಿಮ್ಮ ಬೋರ್ಡ್ ನೋಡ್ದೊ. ಒಂದು ವಿಚಾರ ಕೇಳನಾಂತ. ಮನೇಲಿ ಮೈಗೆ ನೀರು ಉಯ್ಕಂಡು ಬರಾದಾ, ಇಲ್ಲ ಸಮುದ್ರದಲ್ಲೇ ಉಯ್ಕಳದಾ?"

ಬಳೆ ಮಂಟಪ

ಲೊಕ್ಕನಹಳ್ಳಿಯಿಂದ ಒಂದು ಸಲ ಗಂಡ ಹೆಂಡತಿ ಬಂದರು. ಇಬ್ಬರಿಗೂ ಅರವತ್ತರ ಮೇಲೆ. ಅಜ್ಜಿಗೆ ಸಮುದ್ರದ ಗೊಡವೆಯೇ ಇರಲಿಲ್ಲ. ಗಾಡಿ ಹತ್ತಿದಾಗಿನಿಂದ ಒಂದೇ ಪ್ರಶ್ನೆ: "ಬಳೆ ಮಂಟಪ ಎಷ್ಟೊತ್ಗೆ ಸಿಕ್ತದಪ್ಪ?" ತಾತ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು.

ಯಳಂದೂರಿನಲ್ಲಿ ಇಳಿದೆವು. ಅಲ್ಲಿಯ ಹಳೇ ಈಶ್ವರನ ಗುಡಿಯ ಹೆಬ್ಬಾಗಿಲಿಗೇ ಬಳೆ ಮಂಟಪ ಅನ್ನುವುದು. ಮಿಸ್ಸು ಎಲ್ಲರನ್ನೂ ನಿಲ್ಲಿಸಿ ಮೇಲೆ ಕೈ ತೋರಿಸಿದರು. ಕಲ್ಲಿನಲ್ಲಿ ಕೆತ್ತಿದ ಬಳೆಗಳು, ಒಂದರೊಳಗೊಂದು ಸರಪಳಿಯ ಹಾಗೆ ಇಳಿಬಿದ್ದಿವೆ. ಎಲ್ಲರೂ ಕತ್ತೆತ್ತಿ ನೋಡಿದರು. ಅಜ್ಜಿ ಮಾತ್ರ ಆ ಕಡೆ ಈ ಕಡೆ ಹುಡುಕುತ್ತಿದ್ದರು.

"ಏನು ಹುಡುಕ್ತಾ ಇದ್ದೀರಮ್ಮ?" ಅಂತ ಮಿಸ್ಸು ಕೇಳಿದರು.

"ಬಳೆ ಮಾರೋರು ಎಲ್ಲವ್ವ?"

"ಮಾರೋರು ಯಾರೂ ಇಲ್ಲ. ಇವೇ ಬಳೆಗಳು."

ಅಜ್ಜಿ ಒಂದು ಸಲ ಕಲ್ಲನ್ನು ನೋಡಿ, ಒಂದು ಸಲ ಗಂಡನನ್ನು ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ವಿಷಯ ಹೊರಗೆ ಬಂತು. ಮದುವೆಯಾದ ಹೊಸದರಲ್ಲಿ ತಾತ, "ಯಳಂದೂರಲ್ಲಿ ಬಳೆ ಮಂಟಪ ಅಂತದೆ, ಅಲ್ಲಿಗೆ ಕರಕಂಡೋಗಿ ಕೈ ತುಂಬ ಬಳೆ ತೊಡಿಸ್ತೀನಿ" ಅಂದಿದ್ದರಂತೆ. ಆ ವರ್ಷ ರಾಗಿ ಕುಯ್ಲು, ಮುಂದಿನ ವರ್ಷ ಹಸು ಕರು ಹಾಕಿತು, ಅದರ ಮುಂದಿನ ವರ್ಷ ಮಗು. ಹೀಗೇ ನಲವತ್ತು ವರ್ಷ ಕಳೆದಿತ್ತು. ಅಜ್ಜಿ ಒಂದು ದಿನವೂ ಮರೆತಿರಲಿಲ್ಲ.

"ನಲವತ್ತು ವರ್ಸ ಕಾಯ್ಸಿದ್ದು ಈ ಕಲ್ಲು ತೋರ್ಸಕಾ?" ಅಂದರು.

ತಾತ ನಿಧಾನವಾಗಿ ಮೇಲೆ ನೋಡಿ, "ಗಟ್ಟಿ ಅವೆ ನೋಡು. ಒಡೆಯಲ್ಲ" ಅಂದರು.

ಮಿಸ್ಸಿಗೆ ನಗು ಉಕ್ಕಿ ಬಂತು, ಆದರೆ ಅಜ್ಜಿಯ ಮುಖ ನೋಡಿದರೆ ನಗುವ ಹಾಗಿರಲಿಲ್ಲ. "ಗಾಡಿ ಪೇಟೆ ಬೀದಿಗೆ ತಿರುಗಿಸೋ" ಅಂತ ನನಗೆ ಹೇಳಿದರು. ಬಳೆ ಅಂಗಡಿಯಲ್ಲಿ ಅಜ್ಜಿ ಇನ್ನೂ ಮುನಿಸಿಕೊಂಡು ಬಾಗಿಲಲ್ಲೇ ನಿಂತಿದ್ದರಿಂದ ತಾತನೇ ಮುಂದೆ ಹೋಗಿ, "ಕೆಂಪು ಬಳೆ ಕೊಡವ್ವ, ಎರಡೂಕಾಲು ಅಳತೇದು" ಅಂದರು. ಅಂಗಡಿಯ ಹೆಂಗಸು ಅಜ್ಜಿಯ ಕೈ ನೋಡಿದಳು. ನಲವತ್ತು ವರ್ಷ ಕುಡುಗೋಲು ಹಿಡಿದ ಕೈ ಅದು.

"ತಾತ, ಈ ಕೈಗೆ ಅದು ಬೆರಳು ದಾಟಲ್ಲ. ಯಾವ ಕಾಲದ ಅಳತೆ ಹೇಳ್ತಾ ಇದ್ದೀರಿ?"

"ಮಾತು ಕೊಟ್ಟ ಕಾಲದ್ದು ಕಣವ್ವ" ಅಂದರು ತಾತ.

ಮರಳ ಮೇಲೆ

ಹೂಗ್ಯಂನ ರೈತರೊಬ್ಬರು ಟೂರಿಗೆ ಬಂದದ್ದು ಮಗಳ ಒತ್ತಾಯಕ್ಕೆ. ಅವರ ಹೊಲ ಕಾಡಿನ ಅಂಚಿಗೇ ಇದೆ. ಬೆಳೆ ಕಾಳು ಕಟ್ಟಿದರೆ ಸಾಕು, ಆನೆ ಬರುತ್ತವೆ. ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ತಟ್ಟೆ ಬಡಿಯುತ್ತಾ ಕೂರುವುದು ಅವರ ಜೀವನ. "ಅಪ್ಪ ಒಂದು ದಿನವಾದರೂ ಹೊಲ ಮರೆತು ಸುತ್ತಾಡಿಕೊಂಡು ಬರಲಿ" ಅಂತ ಮಗಳು ಹತ್ತಿಸಿ ಕಳಿಸಿದ್ದಳು.

ಯಳಂದೂರಿನಲ್ಲಿ ಅವರು ಏನನ್ನೂ ನೋಡಲಿಲ್ಲ. ಗೋಡೆಗೆ ಒರಗಿ ನಿಂತೇ ತೂಕಡಿಸಿದರು. ತಲಕಾಡಿನಲ್ಲಿ ಎಲ್ಲರೂ ಮರಳು ದಾಟಿ ಗುಡಿಗಳನ್ನು ನೋಡಿ ಹೊಳೆಗೆ ಇಳಿದರು. ಹೊರಡುವ ಹೊತ್ತಿಗೆ ಎಣಿಸಿದರೆ ಒಬ್ಬರು ಕಮ್ಮಿ. ಹೊಳೆಯ ಹತ್ತಿರ ಒಬ್ಬರು ಕಮ್ಮಿಯಾದರೆ ಏನೆಲ್ಲ ಯೋಚನೆ ಬರುತ್ತದೆ ಅನ್ನುವುದು ಗಾಡಿ ಓಡಿಸುವವನಿಗೇ ಗೊತ್ತು. ತೆಪ್ಪದವರನ್ನು ಕೇಳಿದೆ, ಸೌತೆಕಾಯಿ ಮಾರುವವಳನ್ನು ಕೇಳಿದೆ. ಕೊನೆಗೆ ಮಿಸ್ಸೇ ಕಂಡುಹಿಡಿದರು. ದಡದ ಮರದ ನೆರಳಿನಲ್ಲಿ, ತಣ್ಣನೆ ಮರಳಿನ ಮೇಲೆ, ಟವಲ್ಲು ಮಡಿಸಿ ತಲೆಗೆ ಕೊಟ್ಟುಕೊಂಡು ಅಂಗಾತ ಮಲಗಿದ್ದರು. ಬಾಯಿ ತೆರೆದಿತ್ತು. ಅಂಥ ನಿದ್ದೆಯನ್ನು ನಾನು ದೊಡ್ಡವರಲ್ಲಿ ನೋಡಿರಲಿಲ್ಲ.

"ಎಬ್ಬಿಸಬೇಡ ಕಣೋ. ಕಾಲು ಗಂಟೆ ಬಿಡು" ಅಂದರು ಮಿಸ್ಸು.

ಬಿಟ್ಟೆವು. ಎಲ್ಲರೂ ಪಕ್ಕದಲ್ಲೇ ಕೂತು ತಂದಿದ್ದ ಚಿತ್ರಾನ್ನ ಬಿಚ್ಚಿದೆವು. ಯಾರದೋ ಕೈ ಜಾರಿ ಸ್ಟೀಲ್ ತಟ್ಟೆ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ರೈತರು ಚಂಗನೆ ಎದ್ದು, ಅದೇ ತಟ್ಟೆಯನ್ನು ಎತ್ತಿಕೊಂಡು ಬಡಿಯುತ್ತಾ, "ಬಂತು, ಬಂತು, ಮೂರವೆ, ಕೆರೆ ಕಡೆಯಿಂದ ಬಂದೊ" ಅಂತ ಹೊಳೆಯ ಕಡೆಗೆ ಓಡಿದರು. ನೀರಿನಲ್ಲಿದ್ದ ಜನ ಏನು ಬಂತು ಅಂತ ಕೇಳಲಿಲ್ಲ. ಸೋಪು ಹಚ್ಚಿಕೊಂಡಿದ್ದವರು ಸೋಪಿನಲ್ಲೇ ದಡ ಹತ್ತಿದರು. ತೆಪ್ಪದವನು ಮೂರು ಜನರನ್ನು ಕೂರಿಸಿಕೊಂಡು ಆ ದಡಕ್ಕೆ ಹೊರಟೇಬಿಟ್ಟ.

ಎಲ್ಲರಿಗೂ ಸಮಾಧಾನ ಹೇಳಿ ಗಾಡಿ ಹತ್ತಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ರೈತರು ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದರು. ಕೊಳ್ಳೇಗಾಲ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು: "ಸಾ, ಮುಂದಿನ ಟೂರು ಯಾವತ್ತು?"

"ಯಾಕೆ, ಗುಡಿ ಸರಿಯಾಗಿ ನೋಡಲಿಲ್ಲ ಅಂತಲಾ?"

"ಗುಡಿ ಬುಡಿ ಸಾ. ನನ್ನ ಸೀದಾ ಆ ಮರಳ ಮೇಲೆ ಬುಟ್ಟುಟ್ಟು ನೀವು ಎಲ್ಲಿಗಾದ್ರೂ ಓಗಿ."

ಆ ದಡ

ಬಂಡಳ್ಳಿಯ ರಿಟೈರ್ಡ್ ಲೈನ್‌ಮನ್ ಮಾತ್ರ ನನ್ನನ್ನು ಬಿಡಲಿಲ್ಲ. ಫ್ಲೆಕ್ಸಿನ ಫೋಟೋ ಫೋನಿನಲ್ಲಿ ಹಿಡಿದುಕೊಂಡೇ ಬಂದಿದ್ದರು. ಯಳಂದೂರು ಮುಗಿಯಿತು, ತಲಕಾಡೂ ಬಂತು. ಹೊಳೆಯೆದುರು ನಿಂತು ಫೋನ್ ನೋಡುತ್ತಾರೆ, ನೀರು ನೋಡುತ್ತಾರೆ.

"ಮರಳದೆ, ಒಪ್ಕತೀನಿ. ನೀರದೆ, ಒಪ್ಕತೀನಿ. ಆದ್ರೆ ಆ ದಡ ಕಾಣ್ತಾ ಅದಲ್ಲ ಸಾ. ಸಮುದ್ರಕ್ಕೆ ಆ ದಡ ಇರಕೂಡದು."

ನಾನು ಫ್ಲೆಕ್ಸ್ ಅಂಗಡಿಯವನ ಕಥೆ ಹೇಳಿ ಕೈ ಮುಗಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. "ನಾನು ಕಂಬ ಹತ್ತುದಾಗ್ಲೆಲ್ಲ ದೂರ ನೋಡ್ತಿದ್ದೆ ಸಾ. ಬೆಟ್ಟ, ಬೆಟ್ಟದ ಹಿಂದೆ ಬೆಟ್ಟ. ಇನ್ನೊಂದು ಎರಡು ಮಾರು ಎತ್ತರದ ಕಂಬ ಆಗಿದ್ರೆ ಸಮುದ್ರ ಕಾಣ್ತಿತ್ತೇನೋ ಅನ್ನಸದು. ರಿಟೈರಾಗ ತನಕ ಅದೇ ಆಸೆ."

ಮಿಸ್ಸಿಗೆ ಪಾಪ ಅನ್ನಿಸಿರಬೇಕು. "ಕಣ್ಣು ಅರ್ಧ ಮುಚ್ಚಿ ನೋಡಿ. ಆ ದಡ ಮಸುಕಾಗುತ್ತೆ. ಬರೀ ನೀರೇ ಅಂದುಕೊಳ್ಳಿ" ಅಂದರು.

ಲೈನ್‌ಮನ್ ಭಕ್ತಿಯಿಂದ ಕಣ್ಣು ಅರ್ಧ ಮುಚ್ಚಿದರು. ತುಂಬ ಹೊತ್ತು ಹಾಗೇ ನಿಂತರು.

"ಏನು ಕಾಣುತ್ತೆ?"

"ಕರೆಂಟ್ ಕಂಬ ಕಾಣ್ತದೆ ಮೇಡಂ. ಆ ದಡದಲ್ಲಿ. ವಯರು ಜೋತು ಬಿದ್ದದೆ, ಯಾರೂ ನೋಡೇ ಇಲ್ಲ."

ಉಪ್ಪು

ಅವತ್ತು ವಾಪಸ್ ಬಂದಾಗ ಮಿಸ್ಸು ಮನೆಯ ಹತ್ತಿರ ಇಳಿದವರು ಬಾಗಿಲು ಹಾಕದೆ ನಿಂತು, "ನಿಜವಾದ ಸಮುದ್ರಕ್ಕೇ ಒಂದು ಸಲ ಹೋಗಿಬರೋಣ ಕಣೋ" ಅಂದರು. ಅವರ ದನಿಯಲ್ಲಿ ಏನಿತ್ತೋ, ನಾನು ಆಗಲ್ಲ ಅನ್ನಲಿಲ್ಲ.

ಲೈನ್‌ಮನ್ ಮೊದಲು ಹೆಸರು ಕೊಟ್ಟರು. ಇನ್ನೂ ನಾಲ್ಕು ಜನ ಸೇರಿದರು. ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಘಾಟಿ ಇಳಿದು ಸಂಜೆ ಹೊತ್ತಿಗೆ ಕಲ್ಲಿಕೋಟೆ ಸೇರಿ ಒಂದು ಲಾಡ್ಜಿನಲ್ಲಿ ಉಳಿದೆವು. ಲಾಡ್ಜಿನವರೇ ಹೇಳಿದರು, ಬೆಳಿಗ್ಗೆ ಅರ್ಧ ದಿನದ ಟೂರಿದೆ, ಹಳೇ ಪೇಟೆ, ಹಳೇ ಬಂದರು, ಕಡಲತೀರ, ಸಣ್ಣ ಗುಂಪು. ನನಗೆ ನಗು ಬಂತು. ಜೀವಮಾನದಲ್ಲಿ ಮೊದಲ ಸಲ ನಾನು ಹಿಂದಿನ ಸೀಟಿನಲ್ಲಿ ಕೂತು ಟೂರಿಗೆ ಹೊರಟೆ.

ಆ ಊರಿನ ಗೈಡು ಒಳ್ಳೆಯವನು. ಮಲಯಾಳದಲ್ಲಿ ಹೇಳುತ್ತಿದ್ದ. ನಮ್ಮ ಗುಂಪಿನಲ್ಲಿ ಗಡಿ ಊರಿನ ಹೆಂಗಸೊಬ್ಬರಿಗೆ ತಮಿಳು ಬರುತ್ತಿತ್ತು. ಮಲಯಾಳ ತಮಿಳಾಗಿ, ತಮಿಳು ಕನ್ನಡವಾಗಿ ನಮಗೆ ಮುಟ್ಟುವಷ್ಟರಲ್ಲಿ ಗೈಡು ಅರ್ಧ ಗಂಟೆ ಹೇಳಿದ್ದು ಒಂದು ಮಾತಾಗಿರುತ್ತಿತ್ತು. ಮರದ ಹಳೇ ಮಳಿಗೆಗಳ ಮುಂದೆ ಅವನು ಕೈ ಬೀಸಿ ಬೀಸಿ ಏನೇನೋ ವಿವರಿಸಿದ. ಆ ಹೆಂಗಸು ನಮ್ಮ ಕಡೆ ತಿರುಗಿ, "ಮೆಣಸು ಮಾರ್ತಿದ್ರಂತೆ" ಅಂದರು.

ಯಾರಿಗೂ ಮೆಣಸು ಬೇಕಿರಲಿಲ್ಲ. ಗಾಳಿಯಲ್ಲಿ ಬೇರೆಯದೇ ವಾಸನೆ ಬರುತ್ತಿತ್ತು. ಪ್ರತಿ ಓಣಿಯ ಕೊನೆಯಲ್ಲಿ ಎಲ್ಲರೂ ಕತ್ತು ಚಾಚುತ್ತಿದ್ದರು. ಗೈಡು, ಕಡಲು ಕೊನೆಗೆ, ಕಡಲು ಕೊನೆಗೆ ಅನ್ನುತ್ತಿದ್ದ.

ಕೊನೆಗೆ ಒಂದು ತಿರುವಿನಲ್ಲಿ ರಸ್ತೆ ಮುಗಿಯಿತು. ಮುಂದೆ ಏನೂ ಇರಲಿಲ್ಲ, ನೀರು, ಅಷ್ಟೇ. ನಾವು ಏಳು ಜನ ಸಾಲಾಗಿ ನಿಂತೆವು. ಲೈನ್‌ಮನ್ ಟವಲ್ಲಿನಿಂದ ಕಣ್ಣೊರೆಸಿಕೊಂಡರು.

ಮಿಸ್ಸು ಚಪ್ಪಲಿ ಬಿಟ್ಟು ನೀರಿನ ಕಡೆ ನಡೆದರು. ಬಿದ್ದಾರು ಅಂತ ನಾನೂ ಹಿಂದೆ ಹೋದೆ. ಸೀರೆ ಒಂದು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು. ಅಲೆ ಪಾದ ಮುಟ್ಟಿ ಹೋಯಿತು. ನನ್ನ ಕಡೆ ನೋಡದೆಯೇ ಹೇಳಿದರು:

"ಮೂವತ್ತೊಂದು ವರ್ಷ ಕಣೋ. ಪ್ರತಿ ವರ್ಷ ಸಮುದ್ರದ ಪಾಠ ಬರೋದು. ಅಲೆ ಹೀಗಿರುತ್ತೆ, ನೀರು ಉಪ್ಪಾಗಿರುತ್ತೆ ಅಂತ ಬೋರ್ಡಿನ ಮೇಲೆ ಬರೆಯೋದು. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, ನೀವು ನೋಡಿದ್ದೀರಾ ಮಿಸ್ ಅಂತ ಕೇಳಿಬಿಟ್ಟಳು. ಹೂಂ ಅಂದುಬಿಟ್ಟೆ. ಆಮೇಲೆ ಪಾಠ ಮಾಡುವಾಗಲೆಲ್ಲ ಆ ಹೂಂ ಚುಚ್ಚುತ್ತಾ ಇತ್ತು. ಹೋಗಬೇಕು, ಹೋಗಬೇಕು ಅಂತ. ಹೋಗೋಕೆ ಆಗಲೇ ಇಲ್ಲ."

ಅವರು ಬಗ್ಗಿ, ಬಂದ ಅಲೆಗೆ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿಕೊಂಡರು. ಕಣ್ಣು ಮುಚ್ಚಿದರು. ಮುಖ ಕಿವುಚಿದರು. ಆಮೇಲೆ ಅಷ್ಟು ವರ್ಷ ಹಿಡಿದಿಟ್ಟಿದ್ದರೇನೋ ಅನ್ನುವ ಹಾಗೆ ಉಸಿರು ಬಿಟ್ಟು, "ಸದ್ಯ, ಉಪ್ಪೇ ಇದೆ. ಮಕ್ಕಳಿಗೆ ಸುಳ್ಳು ಹೇಳಲಿಲ್ಲ" ಅಂದರು.

"ಇನ್ನು ನೆಮ್ಮದಿ ಆಯ್ತಲ್ಲ ಮಿಸ್, ಹೋಗೋಣ್ವಾ?" ಅಂದೆ.

ಮಿಸ್ಸು ಅಲ್ಲಾಡಲಿಲ್ಲ. ದೂರದ ಆ ಗೆರೆಯನ್ನೇ ನೋಡುತ್ತಾ ಕೇಳಿದರು:

"ಭೂಮಿ ಗುಂಡಗಿದೆ ಅಂತಾನೂ ಹೇಳಿಕೊಟ್ಟಿದ್ದೀನಿ ಕಣೋ. ಅದನ್ನ ನೋಡೋಕೆ ಯಾವ ಊರಿಗೆ ಹೋಗಬೇಕು?"