ಜಗಲಿ ಮೇಲಿನ ಗಾಂಜಾ ಪೊಟ್ಟಣ

ಮಕ್ಕಳೇ, ಗಾಂಜಾ ಕೆಟ್ಟದ್ದು ಎಂದು ಹೇಳಲು ಎಷ್ಟು ಬುದ್ಧಿ ಬೇಕು? ಎರಡು ನಿಮಿಷದ ಮಾತು. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ನನಗೆ ಅದೇನು ಮಹಾ ಎಂದುಕೊಂಡೆ.

ನಾಗಾವಿಯ ವಿಶ್ವವಿದ್ಯಾಲಯಕ್ಕೆ ಕಲಿಯಲು ಹೋಗುವ ನಿಮ್ಮ ಶೋಭಕ್ಕ ಬೆಟಗೇರಿಯ ನಮ್ಮ ಓಣಿಯಲ್ಲಿ ಚರ್ಚೆ ಇಟ್ಟಿದ್ದಳು: ‘ಗಾಂಜಾ ಕಾನೂನುಬದ್ಧವಾಗಬೇಕೆ?’ ಬೇಡ ಎನ್ನುವ ಪಕ್ಷಕ್ಕೆ ಒಬ್ಬರು ಕಡಿಮೆ ಬಿದ್ದರು.

“ಆಯಿ, ನೀನ ನಿಂದ್ರು. ಬ್ಯಾಡ ಅಂದು ಕೆಳಗಿಳಿ, ಸಾಕು,” ಎಂದಳು.

ಮುಖ್ಯ ಅತಿಥಿ ಪೊಲೀಸ್ ಫೌಜದಾರರು. ಬೇಕು ಎನ್ನುವ ಪಕ್ಷಕ್ಕೆ ನಿವೃತ್ತ ಮಾಸ್ತರರು.

“ಈಗಿನ ಕಾಯ್ದೆ ನೋಡ್ರಿ! ಎಲಿ ಇದ್ರ ಬಿಡ್ತಾರ, ಹೂ ಇದ್ರ ಹಿಡೀತಾರ. ಗಿಡ ಒಂದ, ನ್ಯಾಯ ಎರಡು! ಲೈಸನ್ಸ್ ಕೊಟ್ರ ಸರಕಾರಕ್ಕ ತೆರಿಗಿನೂ ಬರತೈತಿ,” ಎಂದು ಗುಡುಗಿದರು.

ನನ್ನ ಸರದಿ ಬಂತು. ಸೆರಗು ಬಿಗಿಹಿಡಿದು ಹೇಳಿಯೇಬಿಟ್ಟೆ: “ನಮ್ಮನ್ಯಾಗ ಬದುಕಿರೋರು ಯಾರೂ ಅದನ್ನ ಮುಟ್ಟಂಗಿಲ್ರಿ!”

ಚಪ್ಪಾಳೆಯೋ ಚಪ್ಪಾಳೆ! ಅಲ್ಲಿಗೇ ಇಳಿಯಬೇಕಿತ್ತು.

“ಅಂದ್ರ ಸತ್ತವರು?” ಎಂದರು ಮಾಸ್ತರರು.

“ಮಾನಮಿ ಅಮಾಸಿಗೆ, ಹಿರ್ಯಾರ ಹಬ್ಬದಾಗ, ನಮ್ಮ ಯಜಮಾನ್ರ ಫೋಟೋದ ಮುಂದ ಎಡಿ ಇಡತೀನ್ರಿ. ಭಜನಿ ಮುಗಿದ ಮ್ಯಾಲೆ ಅವರಿಗೊಂದು ಗಾಂಜಾ ಚಿಲುಮಿ ಬೇಕಿತ್ತು. ಸತ್ತವರಿಗೆ ಇಷ್ಟ ಇದ್ದದ್ದ ಇಡಬೇಕಲ್ರಿ?”

ಫೌಜದಾರರು ಚಹಾದ ಕಪ್ಪು ಕೆಳಗಿಟ್ಟರು. “ಇನ್ನೂ ಐತೇನ್ರಿ ಮನ್ಯಾಗ?”

“ಐತ್ರಿ. ಮೊನ್ನೆ ಚಿಲುಮಿಗೆ ತುಂಬಿ ಉಳಿದ ಪೊಟ್ಟಣ ದೇವರ ಜಗಲಿ ಮ್ಯಾಲೆ ಐತಿ.”

ಸುಳ್ಳು ಹೇಳುವ ಪಾಠ ಏಳನೆಯ ಇಯತ್ತೆಯವರೆಗೆ ಬಂದಿರಲಿಲ್ಲ! ಶೋಭಾ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಇಡೀ ಸಭೆ ಎದ್ದು ನಮ್ಮ ಮನೆಯತ್ತ ಹೊರಟಿತು. ಮಾಸ್ತರರು ನನ್ನ ಪಕ್ಕದಲ್ಲೇ ಓಡುತ್ತ, “ಜಲ್ದಿ ಹೇಳ್ರಿ, ಎಲಿನೋ, ಹೂವೋ?” ಎಂದರು.

“ಪುಡಿ ರೀ.”

ಪುಡಿಗೆ ಯಾವ ನ್ಯಾಯವೆಂದು ಮಾಸ್ತರರಿಗೂ ತಿಳಿದಿರಲಿಲ್ಲ!

ಜೇಲಿಗೆ ಯಾವ ಸೀರೆ ಉಟ್ಟುಕೊಂಡು ಹೋಗಲಿ ಎಂದು ನಾನು ಯೋಚಿಸುತ್ತಿದ್ದೆ. ಫೌಜದಾರರು ಜಗಲಿ ಮೇಲಿನ ಪೊಟ್ಟಣ ಬಿಚ್ಚಿ ಮೂಸಿದರು. ಇನ್ನೊಮ್ಮೆ ಮೂಸಿದರು.

“ಆಯಿ, ಇದು ಒಣಗಿಸಿದ ಮೆಂತೆ ಪಲ್ಲೆ!”

ಎಡೆಗೆ ಇಡುವುದನ್ನು ಮೂಸಬಾರದೆಂದು ನಾನು ಒಮ್ಮೆಯೂ ಮೂಗಿನ ಹತ್ತಿರ ಹಿಡಿದಿರಲಿಲ್ಲ. ವರ್ಷ ವರ್ಷ ಪೊಟ್ಟಣ ತಂದುಕೊಡುತ್ತಿದ್ದವನು ನಿಮ್ಮಜ್ಜನ ಭಜನೆಯ ಗೆಳೆಯ ಬಸಣ್ಣ. ಗುಂಪಿನಲ್ಲೇ ನಿಂತಿದ್ದ.

“ಏನೋ ಬಸಣ್ಣ ಇದು?”

“ವೈನಿ, ಅವನಂತೂ ಸತ್ತು ಪಾರಾದ. ಜೀವಂತ ಇದ್ದ ನಾ ಯಾಕ ಜೇಲಿಗೆ ಹೋಗ್ಲಿ?”

ಓಣಿಗೆ ಓಣಿಯೇ ನಕ್ಕಿತು. ಫೌಜದಾರರೂ ನಗುತ್ತಲೇ ಹೋದರು.

ಎಲ್ಲರೂ ಹೋದ ಮೇಲೆ ಫೋಟೋದ ಮುಂದೆ ನಿಂತೆ. ಹನ್ನೊಂದು ವರ್ಷ ಚಿಲುಮೆಗೆ ಮೆಂತೆ ಪಲ್ಲೆ ತುಂಬಿಟ್ಟಿದ್ದೇನೆ. ಪುಣ್ಯಾತ್ಮ, ಒಂದು ಸಲವೂ ಕನಸಿನಲ್ಲಿ ಬಂದು ದೂರಲಿಲ್ಲ. ಬದುಕಿದ್ದಾಗ ನನ್ನ ಅಡುಗೆಯನ್ನೂ ಹೀಗೆಯೇ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು.

ಅಡುಗೆ ರುಚಿಯಾಗಿರುತ್ತಿತ್ತು ಎಂದೇ ನಾನು ಈವರೆಗೆ ತಿಳಿದಿದ್ದೆ!