ಮಕ್ಕಳನ್ನು ಗೆದ್ದುಕೊಂಡ ಮುನಿರಾಮಯ್ಯ

ಭಾನುವಾರ ಬೆಳಗ್ಗೆ ರಾಗಿ ಗಂಜಿ ಕುಡಿಯುತ್ತಿದ್ದ ರಮ್ಯಾ ಲೋಟ ಕೆಳಗಿಟ್ಟು, ಮೀಸೆಯಂತೆ ಅಂಟಿದ್ದ ಗಂಜಿಯನ್ನು ನಾಲಿಗೆಯಿಂದ ಸವರಿಕೊಂಡು, "ತಾತ, ಊರ್ಗೆಲ್ಲಾ ನಟರಾಜು ತಾತಾನೇ ಒಳ್ಳೇರು" ಎಂದು ತೀರ್ಪು ಕೊಟ್ಟು ಓಡಿಹೋದಳು.

ಮುನಿರಾಮಯ್ಯನ ಕೈಯಲ್ಲಿದ್ದ ರೊಟ್ಟಿಯ ಚೂರು ತಟ್ಟೆಗೂ ಬಾಯಿಗೂ ನಡುವೆ ನಿಂತುಹೋಯಿತು. ಊರಿನವರು ಹೇಳಿದ್ದರೆ ಸಹಿಸಬಹುದಿತ್ತು. ವರ್ಷದಿಂದ ಸಹಿಸುತ್ತಲೇ ಇದ್ದ. ಆದರೆ ಹೇಳಿದ್ದು ಸ್ವಂತ ಮೊಮ್ಮಗಳು, ಅದೂ ಅವನ ಮನೆಯ ಗಂಜಿ ಕುಡಿದು.

ನಟರಾಜು ಮಾಡಿದ್ದು ದೊಡ್ಡ ಸಾಹಸವೇನಲ್ಲ. ಹುಚ್ಚಯ್ಯನದೊಡ್ಡಿಯ ಮಕ್ಕಳು ಆಡಿಕೊಂಡಿದ್ದ ಗೋಮಾಳ, ಬಿಡದಿ ಕಡೆಯಿಂದ ಹಬ್ಬಿಕೊಂಡು ಬಂದ ಕಾರ್ಖಾನೆಗಳ ಪಾಲಾಗಿತ್ತು. ತಂತಿಬೇಲಿ ಬಿದ್ದ ಮೇಲೆ ಮಕ್ಕಳು ರಸ್ತೆಗೆ ಬಂದರು. ರಸ್ತೆಯಲ್ಲಿ ಮನೆಯಷ್ಟುದ್ದದ ಲಾರಿಗಳು. ಒಂದು ದಿನ ಯಾರೋ ಹೊಡೆದ ಚಿನ್ನಿ ಲಾರಿಯೊಂದರ ಗಾಜಿಗೆ ಬಡಿದು, ಡ್ರೈವರು ಇಳಿದು, ಊರೇ ಸೇರಿತು. ಆವತ್ತು ನಟರಾಜು ತನ್ನ ಖಾಲಿ ಜಾಗದ ಮುಳ್ಳುಬೇಲಿ ಕಿತ್ತು, "ಇಲ್ಲಿ ಆಡ್ಕಳ್ರಲಾ" ಎಂದುಬಿಟ್ಟ. ಅಷ್ಟೆ. ಅಲ್ಲಿಂದಾಚೆಗೆ ಹಾಲಿನ ಡೇರಿಯ ಸಾಲಿನಲ್ಲಿ ಹೆಂಗಸರು ಅವನಿಗೆ ದಾರಿ ಬಿಡತೊಡಗಿದರು. ಆಗಸ್ಟ್ ಹದಿನೈದರಂದು ಪಂಚಾಯ್ತಿ ಮೆಂಬರು ಭಾಷಣದಲ್ಲಿ ಗಾಂಧೀಜಿಯ ಹೆಸರಾದ ಮೇಲೆ ನಟರಾಜುವಿನ ಹೆಸರು ಹೇಳಿದ. ಆ ಹೊತ್ತಿನಲ್ಲಿ ಅವನ ರೇಷ್ಮೆ ಹುಳುಮನೆಯ ಥರ್ಮಾಮೀಟರನ್ನು ಮುನಿರಾಮಯ್ಯನ ಹೊಟ್ಟೆಗೆ ತಗುಲಿಸಿದ್ದರೆ ಪಾದರಸ ಗಾಜು ಒಡೆದುಕೊಂಡು ಹೊರಗೆ ಬರುತ್ತಿತ್ತು.

ಅವನಿಗೇನು ಜಾಗವಿರಲಿಲ್ಲವೇ? ಅವನ ರಾಗಿ ಕಣ ನಟರಾಜುವಿನ ಜಾಗಕ್ಕಿಂತ ದೊಡ್ಡದು. ಹುಣಸೆಮರದ ನೆರಳು ಬೇರೆ. ಅಲ್ಲಿ ಕಾಲಿಟ್ಟ ಮಕ್ಕಳನ್ನು ಇದುವರೆಗೆ ಕೋಲು ತೋರಿಸಿ ಓಡಿಸುತ್ತಿದ್ದುದು ನಿಜ. ಇವತ್ತಿನಿಂದ ಅದಿಲ್ಲ. ಸಂಜೆಯೊಳಗೆ ಊರಿನ ಒಂದೊಂದು ಮಗುವೂ ತನ್ನ ಕಣದಲ್ಲಿರಬೇಕು, ನಟರಾಜು ತನ್ನ ಬೋಳು ಜಾಗ ನೋಡಿಕೊಂಡು ಕೊರಗಬೇಕು ಎಂದು ನಿಶ್ಚಯಿಸಿ ಅವನು ಅಟ್ಟದಿಂದ ಹಗ್ಗ ಎಳೆದುಕೊಂಡ.

ಆದರೆ ಆ ದಿನವೇ ಮನೆಯ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಹಣ್ಣಾದ ರೇಷ್ಮೆಹುಳು ಯಾರಿಗೂ ಕಾಯುವುದಿಲ್ಲ. ಆಯ್ದು ಬಿದಿರಿನ ಚಾಪೆಯಂಥ ಚಂದ್ರಿಕೆಗೆ ಬಿಟ್ಟರೆ ಅಚ್ಚುಕಟ್ಟಾಗಿ ಗೂಡು ಕಟ್ಟುತ್ತದೆ. ತಡಮಾಡಿದರೆ ಸಾಕುವ ತಟ್ಟೆಯ ಕಸಕಡ್ಡಿಯಲ್ಲೇ ಸುತ್ತಿಕೊಂಡು ಗೂಡು ಕೆಡಿಸಿಬಿಡುತ್ತದೆ. ಆದ್ದರಿಂದಲೇ ಒಬ್ಬರ ಮನೆಯಲ್ಲಿ ಹುಳು ಹಣ್ಣಾದರೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಆಯ್ದುಕೊಡುವುದು ಊರಿನ ರೂಢಿ.

ಬಾಗಿಲಿಗೆ ಅಡ್ಡ ನಿಂತ ಹೆಂಡತಿ ದೊಡ್ಡಲಕ್ಷ್ಮಮ್ಮ, "ಹಗ್ಗ ಎತ್ಕಂಡು ಎಲ್ಲಿಗೆ ಹೊಂಟ್ರಿ?" ಎಂದಳು.

"ಉಯ್ಯಾಲೆ ಕಟ್ಟಕ್ಕೆ."

"ಯಾರ್ಗೆ, ಹುಳಕ್ಕಾ?"

"ಮಕ್ಳಿಗೆ ಕಣೇ. ಒಸಿ ದಾರಿ ಬುಡು."

"ಹುಳ ಆಯಕ್ಕೆ ಗುಲ್ಜಾರ್ ಬೀ, ಮಾರಕ್ಕ ಎಲ್ಲಾ ಬಂದವ್ರೆ. ಚಂದ್ರಿಕೆ ತಂದು ಕೊಡೋರಿಲ್ಲ. ಇವ್ರಿಗೆ ಉಯ್ಯಾಲೆ ಯೋಗ ಬಂದ್ಬುಟ್ಟೈತೆ!"

ಮುನಿರಾಮಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಣಸೆಕೊಂಬೆಗೆ ಹಗ್ಗ ಬಿಗಿದ. ಹಲಗೆ ಕೂರಿಸಿದ. ಗಟ್ಟಿಯಿದೆಯೋ ಇಲ್ಲವೋ ಪರೀಕ್ಷೆಯಾಗಬೇಕಲ್ಲ, ಪಂಚೆ ಎತ್ತಿಕಟ್ಟಿ ತಾನೇ ಕೂತು ಜೀಕಿದ. ಮೊದಲ ಜೀಕು ಹಿತವಾಗಿತ್ತು. ಎರಡನೆಯದರಲ್ಲಿ ನಟರಾಜುವಿನ ಜಾಗದಲ್ಲಿ ಆಡುತ್ತಿದ್ದ ಮಕ್ಕಳ ತಲೆಗಳು ಕಂಡವು. ಮೂರನೆಯದರಲ್ಲಿ ಗಂಟು ಬಿಚ್ಚಿಕೊಂಡು, ಮುನಿರಾಮಯ್ಯ ಗೂಟ ಕಿತ್ತ ಎತ್ತಿನಂತೆ ಗಾಳಿಯಲ್ಲಿ ಹೊರಟು ತಿಪ್ಪೆಯ ಮೇಲೆ ಇಳಿದ.

"ಲಕ್ಷ್ಮಮ್ಮಕ್ಕಾ, ಬಿರ್ರನೆ ಬನ್ನಿ! ಯಜಮಾನ್ರು ತಿಪ್ಪೇಲವ್ರೆ!" ಎಂದು ಗುಲ್ಜಾರ್ ಬೀ ಕೂಗಿದ ಕೂಗು ಊರಾಚೆಗೆ ಮುಟ್ಟಿತು. ಮಕ್ಕಳೆಲ್ಲ ಆಟ ಬಿಟ್ಟು ಓಡಿಬಂದರು. ತಲೆಯ ಮೇಲೆ ಸೆಗಣಿ ಹೊತ್ತು ಎದ್ದು ನಿಂತ ಮುನಿರಾಮಯ್ಯನನ್ನು ನೋಡಿ ಅವು ಹೊಟ್ಟೆ ಹಿಡಿದುಕೊಂಡು ನಕ್ಕವು.

"ತಾತ, ಇನ್ನೊಂದ್ ಕಿತ ಬೀಳು!" ಎಂದಿತು ಒಂದು.

ಮುನಿರಾಮಯ್ಯ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ನಟರಾಜುವಿನ ಜಾಗದ ಕಡೆ ಕಣ್ಣು ಹೋಯಿತು. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತೆರೆದ ಬಾಯಿಯನ್ನು ಹಾಗೇ ನಗುವನ್ನಾಗಿ ತಿರುಗಿಸಿಕೊಂಡು ಅವನು ಗಂಟನ್ನು ಸಡಿಲವಾಗಿ ಹಾಕಿ, ಜೀಕಿ ಇನ್ನೊಮ್ಮೆ ಬಿದ್ದ. ಮತ್ತೂ ಒಮ್ಮೆ ಬಿದ್ದ. ಸೊಂಟ ಬೇಡವೆನ್ನುತ್ತಿತ್ತು, ಹೊಟ್ಟೆಯೊಳಗಿನ ಉರಿ ಬೀಳು ಬೀಳು ಎನ್ನುತ್ತಿತ್ತು. ಹುಳು ಆಯಲು ಬಂದ ಹೆಂಗಸರು ಕೈಕೆಲಸ ಬಿಟ್ಟು ಜಗುಲಿಯಲ್ಲಿ ಸಾಲಾಗಿ ಕೂತರು.

ಬಿದ್ದು ಸಾಕಾದ ಮೇಲೆ ಹಗ್ಗವನ್ನು ಬಿಗಿಯಾಗಿ ಕಟ್ಟಿದ್ದಾಯಿತು. ಉಯ್ಯಾಲೆ ಒಂದು, ಮಕ್ಕಳು ಹಿಂಡು. ಸರದಿ ಸಿಗದವು ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು ಕಂಡವು. ನಾಲ್ಕು ನಿಲ್ಲಿಸಿದರೆ ಮನೆ, ಮಲಗಿಸಿದರೆ ಬಸ್ಸು. ಕಂಡಕ್ಟರಾಗಿದ್ದ ರಮ್ಯಾ, "ರಾಮನಗರ, ಚನ್ನಪಟ್ಣ, ಯಾರ್ರೀ ಟಿಕೆಟ್?" ಎಂದು ಅವುಗಳ ಮೇಲೇ ನಡೆದಾಡಿದಳು. ಬಿದಿರು ಪಟಪಟ ಮುರಿಯಿತು.

"ಅಯ್ಯೋ ನನ್ ಚಂದ್ರಿಕೆ! ಹುಳ ಎಲ್ಲಿ ಬುಡ್ಲಿ ನಾನು, ನಿಮ್ ತಲೆ ಮೇಲಾ?" ಎಂದು ದೊಡ್ಡಲಕ್ಷ್ಮಮ್ಮ ಪೊರಕೆ ಹಿಡಿದು ಬಂದಳು.

ಮುನಿರಾಮಯ್ಯ ಮಧ್ಯೆ ನುಗ್ಗಿದ. "ಒಂದ್ ಮಗೀನೂ ಬೈಬೇಡ ಕಣೇ! ಬೈದ್ರೆ ಅವನತ್ರ ಹೊಂಟೋಯ್ತವೆ!"

ಪೊರಕೆಯ ಏಟು ಅವನಿಗೇ ಬಿತ್ತು. ಒಳಗೆ ತಟ್ಟೆಗಳಲ್ಲಿ ಹುಳುಗಳು ಕಾದು ಕಾದು ಬೇಸತ್ತು ಸಿಕ್ಕಿದ ಕಡ್ಡಿಗೇ ನೂಲು ಸುತ್ತತೊಡಗಿದವು.

ಇದೇ ಗದ್ದಲದಲ್ಲಿ ಕೋಲೂರಿಕೊಂಡು ಕಾವೇರಮ್ಮ ಬಂದಳು. ನಟರಾಜುವಿನ ತಾಯಿ. ಊರಿನಲ್ಲಿ ಅವಳ ಮಾತು ಮೀರಿದವರಿಲ್ಲ.

"ಏನ್ಲಾ ಮುನಿರಾಮ, ನನ್ ಮಗನ್ ಜಾಗ ಬಣಬಣ ಅಂತೈತೆ. ಇವತ್ತು ಕರ್ದು ನಾಳೀಕೆ ಕೋಲು ಎತ್ಕಂಡ್ರೆ ಈ ಮಕ್ಳು ತಿರ್ಗ ಲಾರಿ ಚಕ್ರದಡೀಕೆ ಹೋಗ್ಬೇಕಾ?"

"ಕೋಲಾ? ನಾನಾ? ಏನ್ ಮಾತು ಅಂತ ಆಡ್ತೀರವ್ವ!"

"ಹಂಗಾರೆ ಎಲ್ರ ಮುಂದೆ ಮಣ್ಣು ಮುಟ್ಟಿ ಭಾಷೆ ಕೊಡು. ನನ್ ಮಗ ಕೊಟ್ಟಿದ್ದ."

ಕೊನೆಯ ಮಾತು ಇಲ್ಲದಿದ್ದರೆ ಮುನಿರಾಮಯ್ಯ ಒಂದಿಷ್ಟು ಯೋಚಿಸುತ್ತಿದ್ದನೋ ಏನೋ. ನಟರಾಜು ಕೊಟ್ಟಿದ್ದಕ್ಕಿಂತ ಕಡಿಮೆ ಕೊಡುವುದುಂಟೇ? ಒಂದು ಹಿಡಿ ಮಣ್ಣನ್ನೇ ಎತ್ತಿಕೊಂಡ.

"ಮಕ್ಳು ತಾವಾಗಿ ಬಿಟ್ಟೋಗೋ ಗಂಟ ಈ ಕಣ ಮಕ್ಳುದೇ. ಬೇರೆ ಏನ್ಕೂ ಕೊಡಕಿಲ್ಲ. ರಾಗಿ ಬಡಿಯೋಕೂ ಕೊಡಕಿಲ್ಲ!"

"ರಾಗಿ ಎಲ್ಲಿ ಬಡೀತೀರಿ?" ಎಂದಳು ದೊಡ್ಡಲಕ್ಷ್ಮಮ್ಮ. ಹೆಂಗಸರ ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು. ಗುಲ್ಜಾರ್ ಬೀ, "ಯಜಮಾನ್ರದು ದೊಡ್ಡ ಮನ್ಸು" ಎಂದಳು. ಮುನಿರಾಮಯ್ಯನಿಗೆ ಸೊಂಟದ ನೋವು ಅರ್ಧ ಇಳಿಯಿತು. ಉಳಿದರ್ಧ ನಟರಾಜುವಿನ ಬಾಡಿದ ಮುಖ ನೋಡಿದ ಮೇಲೆ ಇಳಿಯಬೇಕಿತ್ತು.

ಸಂಜೆ ನಟರಾಜು ಬಂದೇ ಬಂದ. ಮುನಿರಾಮಯ್ಯ ಜಗಳಕ್ಕೆ ಸಜ್ಜಾಗಿ ಎದೆ ಉಬ್ಬಿಸಿ ನಿಂತ. ನಟರಾಜು ಹತ್ತಿರ ಬಂದವನೇ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಮುನಿರಾಮ, ಈ ಜನ್ಮದಲ್ಲಿ ನಿನ್ ಉಪಕಾರ ಮರೆಯಕಿಲ್ಲ ಕಣ್ಲಾ!"

"ಏನ್ಲಾ ಅದು?"

"ಅವ್ವನ ಮುಂದೆ ಮಣ್ಣು ಮುಟ್ಟಿ ಭಾಷೆ ಕೊಟ್ಟು ಸಿಕ್ಕಾಕ್ಕಂಡಿದ್ದೆ. ಮಕ್ಳು ತಾವಾಗಿ ಬಿಟ್ಟೋಗೋ ಗಂಟ ಜಾಗ ಬೇರೇರಿಗೆ ಕೊಡಂಗಿಲ್ಲ ಅಂತ. ಲಾರಿ ನಿಲ್ಸಕ್ಕೆ ಬಾಡಿಗೆಗೆ ಕೊಡು ಅಂತ ಅಮೀರ್ ಸಾಹೇಬ್ರು ಯುಗಾದಿಯಿಂದ ಕೇಳ್ತಾವ್ರೆ. ಮಕ್ಳನ್ನ ಓಡ್ಸಂಗಿಲ್ಲ, ಬಾಡಿಗೆ ಬುಡಂಗಿಲ್ಲ. ಇವತ್ತು ಎಲ್ಲಾವೂ ತಾವಾಗೇ ಎದ್ದು ಬಂದ್ವು. ಅವ್ವನೂ ಹೂಂ ಅಂದ್ಲು. ನೋಡಲ್ಲಿ!"

ಮುನಿರಾಮಯ್ಯ ನೋಡಿದ. ನಟರಾಜುವಿನ ಜಾಗಕ್ಕೆ ಲಾರಿಯೊಂದು ಹಿಮ್ಮುಖವಾಗಿ, ತವರಿಗೆ ಬಂದ ಬಸುರಿಯಂತೆ ನಿಧಾನವಾಗಿ ಒಳಗೆ ಬರುತ್ತಿತ್ತು. ಅದರ ಮಾಲೀಕ ಅಮೀರ್ ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಇತ್ತ ನಡೆದು ಬಂದರು.

"ನಮಸ್ಕಾರ ಯಜಮಾನ್ರೇ. ನಿಜ ಹೇಳ್ಬೇಕಂದ್ರೆ ಇವರು ಕೊಡಲ್ಲ ಅಂದ್ಮೇಲೆ ನನ್ನ ಕಣ್ಣು ಬಿದ್ದದ್ದು ನಿಮ್ಮ ಕಣದ ಮೇಲೆ. ದೊಡ್ಡ ಜಾಗ, ಮೂರು ಲಾರಿ ಆರಾಮಾಗಿ ನಿಲ್ತಾವೆ. ಬಾಡಿಗೇನೂ ಜಾಸ್ತೀನೇ ಕೊಡ್ತಿದ್ದೆ. ಇವತ್ತು ಮಧ್ಯಾಹ್ನ ನಿಮ್ಮನ್ನೇ ಕೇಳೋಕೆ ಬಂದೆ. ನೀವು ಮಣ್ಣು ಎತ್ಕೊಂಡು ಭಾಷೆ ಕೊಡ್ತಾ ಇದ್ರಿ. ಮಕ್ಕಳ ಜಾಗ ಕಿತ್ಕೊಂಡ ಪಾಪ ನಮಗ್ಯಾಕೆ ಅಂತ ಮಾತಾಡ್ದೇ ಹಿಂದಕ್ಕೆ ಹೋದೆ."

ಮುನಿರಾಮಯ್ಯ ಬೆರಳು ಮಡಿಸಿ ಮೂರು ಲಾರಿಯ ಬಾಡಿಗೆ ಲೆಕ್ಕ ಹಾಕಿದ. ಬೆನ್ನ ಹಿಂದೆ ದೊಡ್ಡಲಕ್ಷ್ಮಮ್ಮ ಮುರಿದ ಚಂದ್ರಿಕೆಯ ಕಡ್ಡಿಗಳನ್ನು ಒಂದೊಂದಾಗಿ ಆಯ್ದು ಪೊರಕೆಯ ಪಕ್ಕ ಜೋಡಿಸುತ್ತಿದ್ದಳು.

ನಟರಾಜು ಅಷ್ಟರಲ್ಲಿ ಹುಣಸೆಮರದ ಬುಡದಲ್ಲಿ ಕೂತು ಕೊಬ್ಬರಿ ಮಿಠಾಯಿಯ ಪೊಟ್ಟಣ ಬಿಚ್ಚಿದ್ದ. ಉಯ್ಯಾಲೆ ಖಾಲಿಯಾಗಿ ತೂಗತೊಡಗಿತು. ಮಕ್ಕಳೆಲ್ಲ ಅವನ ಮೈಮೇಲೆ ಬಿದ್ದವು. ಒಬ್ಬ ಹೆಗಲೇರಿದ, ಇನ್ನೊಬ್ಬ ತೊಡೆ ಹಿಡಿದ.

ಗುಂಪಿನಿಂದ ನುಸುಳಿಕೊಂಡು ಬಂದ ರಮ್ಯಾ ಒಂದು ತುಂಡನ್ನು ತಾತನ ಅಂಗೈಯಲ್ಲಿಟ್ಟಳು.

"ತಿನ್ನು ತಾತ, ನಟರಾಜು ತಾತ ಕೊಟ್ರು. ಇನ್ಮೇಲೆ ಅವ್ರಿಗೆ ಬಾಡಿಗೆ ಬತ್ತದಂತೆ. ದಿನಾ ಮಿಠಾಯಿ ತಕ್ಕಂಡು ನಮ್ ಕಣಕ್ಕೇ ಬತ್ತಾರಂತೆ!"

ಮುನಿರಾಮಯ್ಯ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡ. ಜಾಸ್ತಿ ಸಿಹಿಯೋ, ಕಮಟು ವಾಸನೆಯೋ, ಏನಾದರೊಂದು ಹುಳುಕು ಸಿಗಲೆಂದು ನಿಧಾನವಾಗಿ ಅಗಿದ.

ಮಿಠಾಯಿ ಬಹಳ ಚೆನ್ನಾಗಿತ್ತು.