ಬೈಯಿಸುವ ಅಜ್ಜಿ

ನಮ್ಮ ಉರಿಗಾಂ ಚಿನ್ನದ ಗಣಿಯ ಕೂಲಿ ಲೈನಿನ ಸೂಲಗಿತ್ತಿ ಅಜ್ಜಿ ಬಸುರಿಯರಿಗೆ ಹೇಳಿಕೊಡುತ್ತಿದ್ದ ವಿದ್ಯೆ ಯಾವುದು ಗೊತ್ತೇ? ಗಂಡನನ್ನು ಬೈಯುವುದು! ನೀವು ನಗುತ್ತೀರಿ. ನಾನೂ ನಗುತ್ತಿದ್ದೆ, ನನ್ನ ಸರದಿ ಬರುವತನಕ.

ಬೇನೆ ಶುರುವಾದರೆ ಗಂಡ ಬಾಗಿಲ ಹೊರಗೆ ಕೂರಬೇಕು, ಹೆಂಡತಿ ಒಳಗಿನಿಂದ ಬೈಯಬೇಕು, ಅಜ್ಜಿ ಕಣ್ಣು ಮುಚ್ಚಿ ಕೇಳಬೇಕು. ಬೈಗುಳ ಗಂಡನ ತಾತನಿಂದ ಶುರುವಾಗಿ ಉದ್ದಕ್ಕೆ ಹರಿಯುತ್ತಿದ್ದರೆ, "ಇನ್ನೂ ಒತ್ತೈತೆ, ಕಾಫಿ ಕಾಸ್ರಮ್ಮಾ." ಮಾತು ತುಂಡುತುಂಡಾದರೆ, "ಬಿಸ್ನೀರು ತನ್ರೇ!" ಮಗು ಬರದೆ ಬೈಗುಳವೇ ನಿಂತುಹೋದರೆ ಆಸ್ಪತ್ರೆ. ಕನ್ನಡವೋ ತೆಲುಗೋ ತಮಿಳೋ, ಯಾವುದಾದರೂ ಸರಿ. ಮರ್ಯಾದೆ ಮಾತ್ರ ಕೂಡದು!

ನನ್ನ ಹೆಂಡತಿಯೋ ಬಂಗಾರಪೇಟೆ ಕಡೆಯ ಹಳ್ಳಿಯವಳು, ನನ್ನ ಹೆಸರನ್ನೇ ಬಾಯಲ್ಲಿ ಆಡಿದವಳಲ್ಲ. ಬೇನೆಯ ನಡುವೆ, "ಅವ್ರು ಉಂಡ್ರಾ?" ಎಂದು ಕೇಳಿದಳು.

"ಥೂ! ಇದೂ ಒಂದು ಬೈಗುಳಾನಾ? ಬೈಯೇ!" ಅಜ್ಜಿ ಗದರಿದಳು.

"ಗಂಡನ್ನ ಬೈಯೋದಾ? ಶಿವಶಿವಾ!" ನಮ್ಮಮ್ಮ ಕಿವಿ ಮುಚ್ಚಿಕೊಂಡಳು.

"ಬೈದ್ರೆ ನಿನ್ ಮಗ ಸವೆಯಲ್ಲ ಕಣಮ್ಮಾ," ಎಂದ ಅಜ್ಜಿ ನನ್ನ ಹೆಂಡತಿಯತ್ತ ತಿರುಗಿ ಹಸಿಹಸಿ ಸುಳ್ಳು ಹೇಳಿದಳು: "ನೀನ್ ಮಾಡೋ ಸಾರು ಕಲಗಚ್ಚು ಅಂತ ನಿನ್ ಗಂಡ ಲೈನೆಲ್ಲಾ ಏಳ್ಕೊಂಡು ತಿರುಗ್ತಾನೆ!"

ಅಷ್ಟೇ! "ಮುದ್ದೆ ಮೇಲೆ ಮುದ್ದೆ ನುಂಗೋವಾಗ ಗೊತ್ತಾಗ್ಲಿಲ್ವಾ ಆ ಒಟ್ಟೆಬಾಕನ್ಗೆ!" ಮುಂದಿನದನ್ನು ಬರೆದರೆ ನನ್ನ ಮಾನ ಉಳಿಯುವುದಿಲ್ಲ.

ಮಧ್ಯಾಹ್ನ ಗಣಿಯ ಪಾಳಿಯ ಸೈರನ್ನು, ನಮ್ಮ ಬಾಯಲ್ಲಿ ಸಂಗು, ಕೂಗುವ ಹೊತ್ತಿಗೆ ಬೈಗುಳ ತೆಳುವಾಯಿತು. ಆಮೇಲೆ ಇಲ್ಲವೇ ಇಲ್ಲ. ಮಗುವಿನ ಅಳುವೂ ಇಲ್ಲ. ನಾನು ಎದ್ದು ಬಾಗಿಲು ಬಡಿದೆ.

"ಜಟಕಾ ತಗೊಂಬಾರ್ಲಾ!" ಅಜ್ಜಿ ಕೂಗಿದಳು.

"ಸುಸ್ತಾಗವಳೆ, ಒಸಿ ಮಲಗ್ಲಿ. ಆಸ್ಪತ್ರೆಗೆ ಓದ್ರೆ ನಾಲ್ಕು ಜನ ಏನಂತಾರೆ?" ನಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸರಿಯಮ್ಮಾ ಅತ್ತಾಗೆ! ಬಾಯಿ ನಿಂತ ಎಂಗಸ್ನ ನಾನು ಮನೇಲಿ ಬಿಡಲ್ಲ."

ಜಟಕಾದಲ್ಲಿ ಅವಳನ್ನು ತಬ್ಬಿಕೊಂಡು ಕೂತ ಅಜ್ಜಿ ದಾರಿಯುದ್ದಕ್ಕೂ ಗೋಗರೆಯುತ್ತಿದ್ದಳು: "ಬೈಯೇ ನನ್ನವ್ವಾ, ನನ್ನಾದ್ರೂ ಬೈಯೇ."

ಡಾಕ್ಟರು ಇಕ್ಕಳ ಹಾಕಿ ಮಗುವನ್ನು ತೆಗೆದರು. ಹೆಣ್ಣು. ಇನ್ನೂ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ಹೆಂಡತಿ ಕಣ್ಣು ಬಿಟ್ಟವಳೇ, "ಎಲ್ಲಿ ಆ ಒಟ್ಟೆಬಾಕ?" ಎಂದಳು. ಅಷ್ಟು ಸಿಹಿಯಾದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ!

ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿಯ ಪಕ್ಕ ಕೂತೆ. "ಈ ಬೈಗುಳದ ವಿದ್ಯೆ ಎಲ್ಲಿ ಕಲಿತೆ ಅಜ್ಜೀ?"

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. "ನನ್ ಮಗಳು ಅತ್ತೆ ಮನೇಲಿ ಬೇನೆ ತಿಂದ್ಲು ಕಣ್ಲಾ. ಮಾವ ಬಾಗ್ಲ ಒರಗವ್ರೆ ಅಂತ ಉಸಿರೇ ಎತ್ತಲಿಲ್ಲ. ಎಲ್ರೂ ಒಳ್ಳೇ ಸೊಸೆ, ಒಳ್ಳೇ ಸೊಸೆ ಅಂದ್ರು. ಒಳಗೆ ಏನಾಯ್ತೈತೆ ಅಂತ ಯಾರ್ಗೂ ಗೊತ್ತಾಗ್ಲಿಲ್ಲ. ಅಂಗೇ ಓಗ್ಬಿಟ್ಲು."

ಅಷ್ಟರಲ್ಲಿ ಒಳಗಿನಿಂದ ನನ್ನ ಮಗಳು ಕಿರುಚಿಕೊಂಡಳು.

"ಅಂಗೆ!" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೈಯವ್ವಾ, ಚೆನ್ನಾಗಿ ಬೈಯಿ."